ಪಾಠಕ್ಕೊಂದು ಹೂಂ

ಮಧ್ಯಾಹ್ನ ಎರಡರಿಂದ ಮೂರರ ತನಕ ಈ ಮನೆಯಲ್ಲಿ ಸೊಳ್ಳೆ ಹಾರಬೇಕಾದರೂ ನನ್ನ ಅಪ್ಪಣೆ ಕೇಳಿ ಹಾರಬೇಕು!

ಹಾಗಂತ ಹೋದ ಮಾರ್ಚಿನ ಒಂದು ಸೋಮವಾರ ನಾನು ಪಡಸಾಲೆಯ ನಡುವೆ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಾರಿಬಿಟ್ಟೆ. ಕೇಳುವುದಕ್ಕೆ ಇದ್ದ ಪ್ರಜೆ ಒಬ್ಬರೇ. ನಮ್ಮ ಮನೆಯವರು, ಮಹಾಂತಯ್ಯನವರು. ರಾಯಚೂರಿನ ಅಕ್ಕಿ ಗಿರಣಿಯ ಗಡಗಡದೊಳಗೆ ಮೂವತ್ತೈದು ವರ್ಷ ದುಡಿದು ಈಗ ಮನೆಯಲ್ಲಿ ಕೂತವರು. ಸಪ್ಪಳ ಇಲ್ಲದಿದ್ದರೆ ಅವರಿಗೆ ಜ್ವರ ಬಂದ ಹಾಗಾಗುತ್ತದೆ.

"ಕೂಲರ್?" ಅಂದರು.

"ಬಂದ್!"

"ಯವ್ವಾ ತಾಯಿ, ಇದು ರಾಯಚೂರು ಬಿಸಿಲು! ಮನುಷ್ಯಾ ಹಪ್ಪಳ ಆಗ್ತಾನ!"

"ಹಪ್ಪಳ ಆಗ್ರಿ. ಸಪ್ಪಳ ಮಾಡಬ್ಯಾಡ್ರಿ!"

"ಸೀನು ಬಂದ್ರ?"

"ಮೂರರ ತನಕ ತಡೀರಿ."

"ಮತ್ತ ನಿನ್ನ ಗೊರಕಿ?"

ನೋಡ್ರಿ, ಇದೊಂದು ಮಾತು! ನಲವತ್ತೆಂಟು ವರ್ಷದಿಂದ ಈ ಮನುಷ್ಯ ನನ್ನ ಮೇಲೆ ಹೊರಿಸುತ್ತ ಬಂದ ಅಪವಾದ. ನಾನು ಗೊರಕೆ ಹೊಡೆಯುತ್ತೇನಂತೆ. ನಾನು! ತೊಟ್ಟಿಲ ಕೂಸು ಮಲಗಿದ ಹಾಗೆ ಮಲಗುತ್ತಾಳೆ ನನ್ನ ಮಗಳು ಅಂತ ನಮ್ಮವ್ವ ಕಡೆತನಕ ಹೇಳಿದ್ದಾಳೆ.

"ಸಾಕ್ಷಿ ತೋರಸ್ರಿ!" ಅಂದೆ, ಎಂದಿನ ಹಾಗೆ.

ಅವರ ಬಾಯಿ ಬಂದ್ ಆಯಿತು, ಎಂದಿನ ಹಾಗೆ. ಆದರೂ ಒಂದು ಕಲ್ಲು ಬೀಸಿಯೇ ಸುಮ್ಮನಾದರು.

"ಊರ ಮಂದಿ ಮಾತಿಗೆಲ್ಲಾ ಹೂಂ ಹೂಂ ಅಂತಿ. ನನ್ನ ಮಾತಿಗೆ ಇಷ್ಟು ವರ್ಷದಾಗ ಒಂದರ ಹೂಂ ಅಂದೀಯೇನ ಬೇ?"

"ಹೂಂ ಅನ್ನುವಂಥಾ ಮಾತು ಒಂದರ ಆಡ್ರಿ, ಅಂತೀನಿ!"

ಇಷ್ಟೆಲ್ಲ ಕಟ್ಟುನಿಟ್ಟು ಯಾಕೆ ಅಂದರೆ ನಮ್ಮ ಸೊಸೆ ಕಾವ್ಯಾ. ಯೂನಿವರ್ಸಿಟಿಯಲ್ಲಿ ಗಿಡಗಳ ಪಾಠ ಹೇಳುತ್ತಾಳೆ; ಸಸ್ಯಶಾಸ್ತ್ರ ಅಂತಾರೆ ಅದಕ್ಕೆ. ದೇವದುರ್ಗ, ಮಾನ್ವಿ, ಗಿಲ್ಲೆಸುಗೂರು ಕಡೆಯ ಹುಡುಗ ಹುಡುಗಿಯರು ದಿನಾ ಬಸ್ಸು ಹಿಡಿದು ರಾಯಚೂರಿಗೆ ಬರುವುದು ಆಗುವುದಿಲ್ಲ ಅಂತ, ಅವರು ಇದ್ದಲ್ಲೇ ಫೋನಿನಲ್ಲಿ ಕಲಿಯಲಿ ಅಂತ, ಆರು ತಿಂಗಳು ಕೂತು ಒಂದು ಆನ್‌ಲೈನ್ ಕೋರ್ಸು ತಯಾರು ಮಾಡಿದ್ದಳು. ನಮ್ಮ ಹೊಲದ ಗಿಡಗಳ ಬಗ್ಗೆ. ಹತ್ತಿ, ತೊಗರಿ, ಭತ್ತ. ಯೂನಿವರ್ಸಿಟಿಯ ದೊಡ್ಡವರು ಒಂದು ಶರತ್ತು ಹಾಕಿದ್ದರು. ನಾಲ್ಕು ವಾರ ನಡೆಸಿ ತೋರಿಸಬೇಕು. ನಾಲ್ಕನೇ ವಾರ ಮೂರು ಮಂದಿ ಬಂದು ಪಾಠ ನೋಡುತ್ತಾರೆ. ಹುಡುಗರು ಕಡೆತನಕ ಕೂತಿರಬೇಕು, ಕಲಿತಿರಬೇಕು. ಇಲ್ಲದಿದ್ದರೆ ಕೋರ್ಸು ಬಂದ್. ಅದರ ಬದಲು ಎಲ್ಲೋ ಮಾಡಿಟ್ಟ ರೆಡಿಮೇಡ್ ವಿಡಿಯೋ.

"ಆ ವಿಡಿಯೋದಾಗ ಸೇಬಿನ ಗಿಡ ತೋರಸ್ತಾರ್ರಿ ಅತ್ತಿ," ಅಂದಳು ಕಾವ್ಯಾ, ಕಣ್ಣೊಳಗೆ ನೀರು ತಂದುಕೊಂಡು. "ನಮ್ಮ ಹುಡುಗ್ರು ಸೇಬು ಕಂಡಾರ, ಗಿಡ ಎಲ್ಲಿ ಕಂಡಾರ?"

ನನ್ನ ಎದೆ ಉಬ್ಬಿತು. ಸಾಲೆಯಲ್ಲಿ ಮೂರನೆತ್ತ, ಅಂದರೆ ಮೂರನೇ ತರಗತಿ, ಕಲಿತು, ನಾಲ್ಕನೆತ್ತಕ್ಕೆ ಹೋಗದೆ ತವರೂರು ಕವಿತಾಳದ ಹೊಲದಲ್ಲಿ ಹತ್ತಿ ಬಿಡಿಸಿದವಳು ನಾನು. ನನ್ನ ಸೊಸೆ ಅದೇ ಹತ್ತಿ ಗಿಡ ಇಟ್ಟುಕೊಂಡು ಯೂನಿವರ್ಸಿಟಿಗೆ ಪಾಠ ಹೇಳುತ್ತಾಳೆ!

"ನೀ ಚಿಂತಿ ಮಾಡಬ್ಯಾಡ ಯವ್ವಾ. ನಿನಗೇನು ಬೇಕು ಹೇಳು."

"ಶಾಂತಿ ಬೇಕ್ರಿ ಅತ್ತಿ. ನಿಮ್ಮ ಮಗ ತಂದ ಹೊಸಾ ಮೈಕು ಇರುವಿ ನಡದ್ರೂ ಹಿಡಿತದ."

ಸಾಕಲ್ಲ, ಇಷ್ಟು ಹೇಳಿದರೆ! ಮಗ ಅಂಬರೀಶ ಹತ್ತಿ ಜಿನ್ನಿಂಗ್ ಮಿಲ್ಲಿನ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ. ಮನೆಯ ದಂಡನಾಯಕಿ ನಾನೇ. ಕೂಲರ್ ಬಂದ್ ಮಾಡಿದೆ. ಕುಕ್ಕರಿನ ಸೀಟಿ ಕಳಚಿ ಉಪ್ಪಿನ ಭರಣಿಯಲ್ಲಿ ಬಚ್ಚಿಟ್ಟೆ. ಗೋಡೆ ಗಡಿಯಾರ ಟಿಕ್ ಟಿಕ್ ಅನ್ನುತ್ತದೆ ಅಂತ ಅದನ್ನು ಹಾಸಿಗೆಯ ಸುರುಳಿಯೊಳಗೆ ಮಲಗಿಸಿದೆ. ಕಾವ್ಯಾಳ ಕೋಣೆಯ ಬಾಗಿಲ ಚಿಲಕ ಟಣ್ ಅನ್ನಬಾರದು ಅಂತ ಅದಕ್ಕೆ ಹಳೇ ಸೀರೆಯ ಚಿಂದಿ ಸುತ್ತಿದೆ. ಚಿಲಕ ಸರಿಯಾಗಿ ಬೀಳುತ್ತಿರಲಿಲ್ಲ, ಆದರೆ ಸಪ್ಪಳವೂ ಇರಲಿಲ್ಲ. ಈ ಚಿಂದಿಯನ್ನು ನೆನಪಿಟ್ಟುಕೊಳ್ಳಿರಿ.

ಬಾಜೂ ಮನೆಯ ವಾಹಿದಾಗೂ ಹೋಗಿ ಹೇಳಿ ಬಂದೆ.

"ಎರಡಕ್ಕ ಮಿಕ್ಸಿ ಹಚ್ಚಬ್ಯಾಡವಾ. ನಮ್ಮಲ್ಲಿ ಯೂನಿವರ್ಸಿಟಿ ನಡಿತದ."

"ಹಚ್ಚಂಗಿಲ್ಲಮ್ಮಾ. ಆದ್ರ ಆ ಹೊತ್ತಿನಾಗ ನಮ್ಮ ಮಿಕ್ಸಿ ಯಾರಿಗೆ ಕೇಳಸ್ತದ ಬಿಡ್ರಿ!" ಅಂದು ಬಾಯಿಗೆ ದುಪಟ್ಟಾ ಹಿಡಿದು ನಕ್ಕಳು. ಯಾಕೆ ನಕ್ಕಳೋ, ಆಗ ನನಗೆ ತಿಳಿಯಲಿಲ್ಲ.

ಎರಡು ಬಡಿಯಿತು. ಗಡಿಯಾರ ಹಾಸಿಗೆಯೊಳಗಿದ್ದುದರಿಂದ ಬಡಿದದ್ದು ಕೇಳಲಿಲ್ಲ ಅನ್ನಿ. ಕಾವ್ಯಾ ಎರಡೂ ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿಕೊಂಡು ಕೂತಳು. ನಾನು ಹೊರಗೆ, ಬಾಗಿಲಿಗೆ ಬೆನ್ನು ಕೊಟ್ಟು, ಮಣೆಯ ಮೇಲೆ ಕಾವಲು ಕೂತೆ. ಕೈಯಲ್ಲಿ ಬೀಸಣಿಗೆ. ಬೀಸಣಿಗೆಯೂ ಸಪ್ಪಳ ಮಾಡೀತು ಅಂತ ಬೀಸಲಿಲ್ಲ.

ಒಳಗೆ ಪಾಠ ಶುರುವಾಯಿತು. ಬೇರು ಅಂದಳು, ಕಾಂಡ ಅಂದಳು. ಏನು ಚೆಂದ ಹೇಳುತ್ತಾಳೆ! ಮಾತಿನ ನಡುವೆ ನಿಲ್ಲಿಸಿ ಕೇಳಿದಳು: "ಗೊತ್ತಾತಾ?"

ಉತ್ತರವೇ ಇಲ್ಲ.

"ಕೇಳಸಾಕತ್ತದಾ? ಯಾರಾದ್ರೂ ಹೇಳ್ರಿ. ಬೀರೇಶ್? ಬೀರೇಶ್, ಇದ್ದೀರಾ? ... ಆತು, ಮುಂದ ಹೋಗೋಣು."

ಹತ್ತು ನಿಮಿಷ ಆದ ಮೇಲೆ ಮತ್ತೆ ಅದೇ. "ಗೊತ್ತಾತಾ?" ಮತ್ತೆ ಮೌನ. ಒಂದು ನಿಟ್ಟುಸಿರು.

ಕವಿತಾಳದಲ್ಲಿ ನಮ್ಮ ಆಯಿ, ಅಂದರೆ ಅಜ್ಜಿ, ಕಥೆ ಹೇಳುವಾಗ ಒಂದು ಕಾನೂನಿತ್ತು. ಕೇಳುವವರು ಹೂಂ ಅನ್ನಬೇಕು. ರಾಜ ಕುದುರೆ ಹತ್ತಿದ, ಹೂಂ. ಕಾಡಿಗೆ ಹೋದ, ಹೂಂ. ಹೂಂ ನಿಂತಿತೋ, ಆಯಿಯೂ ಅಲ್ಲೇ ನಿಲ್ಲಿಸಿ, ರಾಜನನ್ನು ಕುದುರೆಯ ಮೇಲೇ ಬಿಟ್ಟು ಮಗ್ಗಲು ಹೊರಳಿಬಿಡುತ್ತಿದ್ದಳು. ಹೇಳುವವರ ಮುಂದೆ ಬಾಯಿ ಮುಚ್ಚಿ ಕೂಡುವುದು ಅಂದರೆ ಉಣ್ಣಾಕ ಬಡಿಸಿದವರ ಮುಂದೆ ತಟ್ಟೆ ಬೋರಲು ಹಾಕಿದಂತೆ!

ಅರವತ್ತು ಮಂದಿ ಕೂತಿದ್ದಾರಂತೆ, ಒಬ್ಬರೂ ಹೂಂ ಅನ್ನುವುದಿಲ್ಲವೆಂದರೆ?

"ಹಿಂಗ ಬೇರು ಮಣ್ಣಾಗಿನ ನೀರು ಹೀರಿಕೋತದ..." ಅಂದಳು ಕಾವ್ಯಾ.

"ಹೂಂ," ಅಂದೆ.

ನಾನು ಅಂದದ್ದಲ್ಲ, ಅದು ತಾನೇ ಬಂತು! ಮೆಲ್ಲಗೆ, ಗಡಿಗೆಯೊಳಗೆ ಮುಖ ಇಟ್ಟು ಅಂದ ಹಾಗೆ. ಕಟ್ಟೆಯ ಮೇಲೆ ಬೆವರುತ್ತ ಕೂತಿದ್ದ ನಮ್ಮ ಮನೆಯವರು ತಿರುಗಿ ನೋಡಿದರು. ನಾನು ಬೀಸಣಿಗೆಯನ್ನು ಮುಖಕ್ಕೆ ಅಡ್ಡ ಹಿಡಿದೆ.

ಮೂರು ದಾಟಿದ ಮೇಲೆ ಬಾಗಿಲು ತೆರೆದು ಬಂದ ಕಾವ್ಯಾ ನನ್ನ ಎರಡೂ ಕೈ ಹಿಡಿದುಕೊಂಡಳು.

"ಅತ್ತಿ! ಒಬ್ಬರು ಹೂಂ ಅಂದ್ರಂತ್ರಿ! ಹುಡುಗ್ರು ಚಾಟಿನ್ಯಾಗ ಬರದಾರ, ಮೇಡಂ ಹೂಂ ಅಂದೋರು ಯಾರು ಅಂತ. ಆಮ್ಯಾಲ ರೆಕಾರ್ಡಿಂಗ್ ಹಚ್ಚಿ ನೋಡಿದೆ, ಖರೇನ ಅದ!"

"ಯಾರಂತವಾ?" ಅಂದೆ.

"ಯಾರಿಗೆ ಗೊತ್ರಿ? ಎಲ್ಲಾರೂ ಮನಿ ಮಂದಿ ಫೋನ್ಲೆ ಬರ್ತಾರ. ಪರದಿ ಮ್ಯಾಲ ಒಂದು ಡಬ್ಬ್ಯಾಗ 'ಅಪ್ಪಾಜಿ' ಅಂತ ಇರ್ತದ, ಇನ್ನೊಂದರಾಗ 'ದುರುಗಮ್ಮ ಕಿರಾಣಿ' ಅಂತ. ಮಾರಿ ಕಾಣಂಗಿಲ್ಲ. ಯಾರೋ ಮನಿ ಸಂಸಾರ ಮಾಡಿಕೋತ ಓದೋ ಹೆಣ್ಣುಮಗಳು ಇರಬೇಕು. ದನಿ ಸ್ವಲ್ಪ ದೊಡ್ಡದದ. ಆದ್ರ ಅತ್ತಿ, ಅರವತ್ತು ಮಂದ್ಯಾಗ ಒಬ್ಬರರ ಕೇಳಾಕತ್ತಾರಲ್ರಿ!"

ಆ ಮುಖ ನೋಡಿ ನಾನೇ ಅಂತ ಹೇಳುವುದಕ್ಕೆ ಬಾಯಿ ಬರಬೇಕಲ್ಲ! ಅವಳು ಒಳಗೆ ಹೋದ ಮೇಲೆ ನಮ್ಮ ಮನೆಯವರು ಹತ್ತಿರ ಬಂದರು.

"ಇರುವಿ ನಡಿಬಾರದು, ಆದ್ರ ಆನಿ ನಡಿಬಹುದೇನ ಬೇ?"

"ಸುಮ್ಮ ಕುಂದರ್ರಿ! ಆಕಿ ಮಾರಿ ನೋಡಿದಿರಿಲ್ಲೋ?"

"ಹೇಳಿಬಿಡು."

"ನಾಳಿಗೆ ಹೇಳ್ತೀನಿ."

ನಾಳೆ ಹೇಳಲಿಲ್ಲ. ನಾಡಿದ್ದೂ ಹೇಳಲಿಲ್ಲ. ಹೂಂ ಮಾತ್ರ ಬೆಳೆಯುತ್ತ ಹೋಯಿತು! ಎರಡನೇ ದಿನ ಎರಡು ಹೂಂ. ಮೂರನೇ ದಿನ "ಹೂಂ... ಆಮ್ಯಾಲ?" ಒಂದು ದಿನ ಹತ್ತಿ ಕಾಯಿಗೆ ಹುಳ ಬಿದ್ದ ಪಾಠಕ್ಕೆ "ಅಯ್ಯ ಪಾಪ!" ಅಂತ ಕೂಡ ಅಂದುಬಿಟ್ಟೆ.

ಕಾವ್ಯಾ ಒಂದು ನೋಟ್‌ಬುಕ್ ಮಾಡಿದಳು. ದಿನಾ ಸಂಜೆ ರೆಕಾರ್ಡಿಂಗ್ ಹಚ್ಚಿ, ಎಷ್ಟನೇ ನಿಮಿಷಕ್ಕೆ ಹೂಂ ಬಂತು ಅಂತ ಬರೆಯುವುದು. ಹೂಂ ಬಂದಲ್ಲಿ ಪಾಠ ಚೆನ್ನಾಗಿದೆ, ಬರದಲ್ಲಿ ಕೆಟ್ಟಿದೆ, ಬದಲಿಸಬೇಕು. ಇಷ್ಟೇ ಲೆಕ್ಕ. ಇಡೀ ಯೂನಿವರ್ಸಿಟಿಯ ಕೋರ್ಸು ನನ್ನ ಗಂಟಲಿನ ಮೇಲೆ ನಿಂತಿತ್ತು ನೋಡ್ರಿ! ಮೂರನೆತ್ತದ ಬಸವಂತಮ್ಮನ ಗಂಟಲು!

ಒಂದು ಸಂಜೆ ನೋಟ್‌ಬುಕ್ ಹಿಡಿದುಕೊಂಡು ಅಡುಗೆಮನೆಗೆ ಬಂದಳು.

"ಅತ್ತಿ, ಒಂದು ಫಜೀತಿ ಅದ್ರಿ. ನಡನಡುವ ಗರ್ರ್... ಗರ್ರ್... ಅಂತ ಸಪ್ಪಳ ಬರ್ತದ. ಯಾರೋ ಟ್ರ್ಯಾಕ್ಟರ್ ಬಾಜೂಕ ಕುಂತು ಪಾಠ ಕೇಳ್ತಾರಂತ ಕಾಣಸ್ತದ. ಟ್ರ್ಯಾಕ್ಟರ್ ಚಾಲೂ ಆತು ಅಂದ್ರ ಹೂಂ ಬಂದ್. ಹೂಂ ಚಾಲೂ ಆತು ಅಂದ್ರ ಟ್ರ್ಯಾಕ್ಟರ್ ಬಂದ್."

ನನಗೆ ಮೈಯೆಲ್ಲ ಉರಿಯಿತು. ನಾನು ಇಲ್ಲಿ ಸೀಟಿ ಭರಣಿಯಲ್ಲಿ ಇಟ್ಟು, ಗಡಿಯಾರ ಹಾಸಿಗೆಯಲ್ಲಿ ಇಟ್ಟು ಶಾಂತಿ ಕಾಯುತ್ತಿದ್ದರೆ, ಇದ್ಯಾವ ಬುದ್ಧಿಗೇಡಿ ಟ್ರ್ಯಾಕ್ಟರ್ ಹಚ್ಚುತ್ತಾನೆ?

"ಎಂಥಾ ಮಂದಿ ಇರಬೇಕು! ಪಾಠದ ಮರ್ಯಾದಿ ಗೊತ್ತಿಲ್ಲ! ದೇವದುರ್ಗದಾವನೋ, ಮಾನ್ವಿಯಾವನೋ, ಹುಡುಕಿ ಹೊರಗ ಹಾಕವಾ ಅವನ್ನ!"

ಹೊರಗೆ ನಮ್ಮ ಮನೆಯವರಿಗೆ ಒಮ್ಮೆಲೇ ಕೆಮ್ಮು ಹತ್ತಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಬಿಸಿಲಿಗೆ ಹೀಗಾಗಿದೆ ಅಂತ ನಾನೇ ನಿಂಬೆಹಣ್ಣಿನ ಶರಬತ್ತು ಮಾಡಿ ಕೊಟ್ಟೆ.

ಆ ಟ್ರ್ಯಾಕ್ಟರ್ ನನಗೆ ಯಾಕೆ ಕೇಳಲಿಲ್ಲ ಅಂತೀರಾ? ಅದು ಫೋನಿನೊಳಗಿನ ಸಪ್ಪಳ, ನನಗೆ ಹೇಗೆ ಕೇಳಬೇಕು? ನಾನು ಕಾವ್ಯಾ ಹೇಳುವುದನ್ನು ಕಣ್ಣು ಮುಚ್ಚಿ ಕೇಳುತ್ತಿದ್ದೆ. ಕಣ್ಣು ಮುಚ್ಚಿದರೆ ಕಿವಿ ಚುರುಕಾಗುತ್ತದೆ. ಹತ್ತಿ ಗಿಡದ ಮೂವತ್ತು ಜಾತಿಗಳ ಇಂಗ್ಲಿಷ್ ಹೆಸರು ಓದಿದ ದಿನ ಏನಾಯಿತು ಅಂತ ಮಾತ್ರ ನನಗೆ ಅಷ್ಟು ನೆನಪಿಲ್ಲ. ಅಷ್ಟು ಸಪ್ಪಗಿತ್ತು ಅಂತ ಕಾಣುತ್ತದೆ.

ಆ ಮೂವತ್ತು ಹೆಸರು ಕಾವ್ಯಾ ತೆಗೆದೇ ಹಾಕಿದಳು. ಒಂದು ತಾಸಿನ ಪಾಠವನ್ನು ಹನ್ನೆರಡು ಹನ್ನೆರಡು ನಿಮಿಷಕ್ಕೆ ತುಂಡು ಮಾಡಿದಳು. ತುಂಡಿಗೊಂದು ಕೆಲಸ. ಬಿಳೀ ಹೂವಿನ ದಂಟನ್ನು ಕೆಂಪು ಮಸಿ ಕಲಸಿದ ನೀರಲ್ಲಿ ಇಡ್ರಿ, ನಾಳೆ ಏನಾಗುತ್ತದೆ ನೋಡಿ ಫೋಟೋ ಕಳಸ್ರಿ. ಎಲೆಗೆ ಪ್ಲಾಸ್ಟಿಕ್ ಚೀಲ ಕಟ್ರಿ, ಒಳಗೆ ಹನಿ ಕೂಡುತ್ತದೆಯೋ ಇಲ್ಲವೋ ಹೇಳ್ರಿ. ಮೊದಲು ಫೋನು ಚಾಲೂ ಇಟ್ಟು ಉಣ್ಣಲು ಹೋಗುತ್ತಿದ್ದ ಹುಡುಗರು ಈಗ ಹೊಲದಲ್ಲಿ ನಿಂತು ಪಾಠ ಕೇಳತೊಡಗಿದರು. ಮಾನ್ವಿ ಕಡೆಯ ಮಲ್ಲೇಶ್ವರಿ ಅನ್ನುವ ಹುಡುಗಿ ತಮ್ಮ ಓಣಿಯ ಗಿಡಗಳಿಗೆಲ್ಲ ಚೀಲ ಕಟ್ಟಿದ್ದಕ್ಕೆ, ಯಾರೋ ಭಾನಾಮತಿ ಮಾಡಿಸಿದ್ದಾರೆ ಅಂತ ಓಣಿಯ ಮಂದಿ ಗಾಬರಿಯಾದರಂತೆ! ನಾನೂ ಕದ್ದು ನಮ್ಮ ಅಂಗಳದ ನುಗ್ಗೆ ಗಿಡಕ್ಕೆ ಚೀಲ ಕಟ್ಟಿದೆ. ಸಂಜೆ ನೋಡಿದರೆ ಒಳಗೆ ನೀರು! ಅರವತ್ತಾರು ವರ್ಷ ಗಿಡಗಳ ನಡುವೆ ಬದುಕಿ, ಗಿಡ ಉಸಿರಾಡಿ ಬೆವರುತ್ತದೆ ಅಂತ ಆ ದಿನ ಕಂಡೆ.

ಮೂರನೇ ವಾರಕ್ಕೆ ಹುಡುಗರೂ ಹೂಂ ಅನ್ನುವುದಕ್ಕೆ ಶುರು ಮಾಡಿದರು. ಭಜನೆಯಲ್ಲಿ ಒಬ್ಬರು ಎತ್ತಿಕೊಟ್ಟರೆ ಉಳಿದವರು ಹಿಡಿಯುತ್ತಾರಲ್ಲ, ಹಾಗೆ. ಮೊದಲ ಹೂಂ ನನ್ನದು, ಹಿಂದೆ ಇಪ್ಪತ್ತು ಮಂದಿ.

ನಾಲ್ಕನೇ ವಾರದ ಗುರುವಾರ ನಾನು ರೊಟ್ಟಿ ಬಡಿಯುತ್ತಿದ್ದೆ. ಕಾವ್ಯಾ ಬಂದು ದೊಡ್ಡವರಿಗೆ ಕಳಿಸಿದ ವರದಿ ಓದಿದಳು. "...ಒಬ್ಬ ವಿದ್ಯಾರ್ಥಿನಿಯ ಹೂಂ ಈ ಕೋರ್ಸಿಗೆ ದಾರಿ ತೋರಿಸಿತು. ಆಕೆ ಎಲ್ಲಿ ಹೂಂ ಅಂದಳೋ ಅಲ್ಲಿ ಕಲಿಕೆ ಇತ್ತು..."

ನನ್ನ ಕೈಯಲ್ಲಿನ ರೊಟ್ಟಿ ನಿಂತಿತು.

"ನಾಳಿ ಯೂನಿವರ್ಸಿಟಿ ಕಡಿಂದ ಹುಮೇರಾ ಮೇಡಂ ಆನ್‌ಲೈನ್‌ನ್ಯಾಗ ಪಾಠ ನೋಡಾಕ ಬರ್ತಾರ್ರಿ ಅತ್ತಿ, ಇನ್ನೂ ಇಬ್ಬರು ಇರ್ತಾರ. ಆ ಹೂಂ ಅನ್ನೋ ವಿದ್ಯಾರ್ಥಿನ್ನ ನಾವು ಮಾತಾಡಸಬೇಕು ಅಂದಾರ!"

ಹೆಂಚಿನ ಮೇಲಿನ ರೊಟ್ಟಿ ಕರಕಲಾಯಿತು. ನಾನೂ.

"ಈಗರ ಹೇಳು," ಅಂದರು ನಮ್ಮ ಮನೆಯವರು, ಕಾವ್ಯಾ ಹೋದ ಮೇಲೆ.

"ಈಗ ಹೇಳಿದ್ರ ಆಕಿ ನಾಳಿ ಪಾಠ ಹೆಂಗ ಹೇಳ್ತಾಳ? ಪಾಠ ಮುಗೀಲಿ, ಕಾಲಿಗೆ ಬಿದ್ದು ಹೇಳ್ತೀನಿ. ನಾಳಿ ಒಂದಿನ ನಾ ಹೂಂ ಅನ್ನಂಗಿಲ್ಲ. ಹುಡುಗ್ರು ಇಪ್ಪತ್ತು ಮಂದಿ ಅಂತಾರಲ್ಲಾ, ಅವರೇ ಅಂದುಕೊಳ್ಳಲಿ!"

ಶುಕ್ರವಾರ ಬಂತು. ನನ್ನ ಬಾಯಿಯ ಮೇಲೆ ನನಗೇ ನಂಬಿಕೆ ಇಲ್ಲ. ಅದಕ್ಕೆ ಎರಡಕ್ಕೆ ಮುಂಚೆ ಬೆಲ್ಲದ ಪಾಕದಲ್ಲಿ ಕಟ್ಟಿದ ಒಂದು ಇಡೀ ಅಂಟಿನ ಉಂಡಿಯನ್ನು ಬಾಯಿಯೊಳಗೆ ದಬ್ಬಿದೆ. ಮೇಲಿನ ಹಲ್ಲು ಕೆಳಗಿನ ಹಲ್ಲು ಒಂದಕ್ಕೊಂದು ಹತ್ತಿಕೊಂಡು ಕೂತವು. ಚಿಂದಿ ಸುತ್ತಿದ ಬಾಗಿಲಿಗೆ ಬೆನ್ನು ಕೊಟ್ಟು ಮಣೆಯ ಮೇಲೆ ಗಟ್ಟಿಯಾಗಿ ಕೂತೆ.

ಕಾವ್ಯಾ ಶುರು ಮಾಡಿದಳು. ಆ ದಿನದ ಪಾಠ ಒಂದು ಹನಿ ನೀರಿನ ಕಥೆ. ನಮ್ಮ ಎರೆಮಣ್ಣಿನೊಳಗೆ ಒಂದು ಹನಿ ಮಲಗಿದೆ. ಬೇರು ಅದನ್ನು ಮುಟ್ಟಿತು. ಹನಿ ಎದ್ದಿತು, ಬೇರಿನೊಳಗೆ ಹೊಕ್ಕಿತು. ಅಲ್ಲಿ ಕಾವ್ಯಾ ನಿಂತಳು, ಹೂಂಗಾಗಿ.

ಬರಲಿಲ್ಲ.

"ಬೇರಿನಾಗಿಂದ ಹನಿ ಕಾಂಡದಾಗ ಬಂತು," ಅಂದಳು. ನಿಂತಳು.

ಬರಲಿಲ್ಲ. ಇಪ್ಪತ್ತು ಮಂದಿ ಎಲ್ಲಿ ಸತ್ತರು ಅಂತೀರಾ? ಎತ್ತಿಕೊಡುವವರಿಲ್ಲದೆ ಭಜನೆ ಹಿಡಿಯುವವರು ಯಾರು? ಎಲ್ಲರೂ ಮೊದಲ ಹೂಂ ಕಾಯುತ್ತ ಕೂತಿದ್ದರಂತೆ!

"ಕಾಂಡದಾಗ... ಹನಿ... ಕಾಂಡದಾಗ ಬಂತು," ಅಂದಳು ಮತ್ತೆ. ದನಿ ಸಣ್ಣದಾಯಿತು. ಗ್ಲಾಸಿನಿಂದ ನೀರು ಕುಡಿದದ್ದು ಕೇಳಿತು. "ಕಾಂಡದಾಗ..."

ಅಷ್ಟಕ್ಕೆ ಮಾತು ನಿಂತಿತು.

ಹನಿ ಕಾಂಡದ ನಡುವೆ ಸಿಕ್ಕಿಕೊಂಡಿದೆ. ಮೇಲೆ ಹೋಗಲೊಲ್ಲದು, ಕೆಳಗೆ ಬರಲೊಲ್ಲದು. ನನ್ನ ಸೊಸೆಯ ಆರು ತಿಂಗಳೂ ಅದರ ಜತೆ ಅಲ್ಲೇ ಸಿಕ್ಕಿಕೊಂಡಿದೆ. ದೊಡ್ಡವರು ಮೂವರು ನೋಡುತ್ತಿದ್ದಾರೆ. ಕುದುರೆಯ ಮೇಲೆ ಕೂತ ನಮ್ಮ ಆಯಿಯ ರಾಜ ಕಣ್ಣ ಮುಂದೆ ಬಂದ. ಅರವತ್ತು ವರ್ಷವಾಯಿತು, ಅವ ಇನ್ನೂ ಕೆಳಗೆ ಇಳಿದಿಲ್ಲ!

ಉಂಡಿಯನ್ನು ಒಂದೇ ಗುಟುಕಿಗೆ ನುಂಗಿದೆ.

"ಹೂಂ! ಮುಂದ ಹೇಳ! ಮ್ಯಾಲ ಎಳಕೊಂಡೋರು ಯಾರು?"

ಅಂದದ್ದಲ್ಲ, ಒದರಿದ್ದು! ಒದರಿದ ರಭಸಕ್ಕೆ ಬೆನ್ನು ಬಾಗಿಲಿಗೆ ಅಪ್ಪಳಿಸಿತು. ಚಿಂದಿ ಸುತ್ತಿದ ಚಿಲಕ, ಎಷ್ಟು ಶಾಂತವಾಗಿ ಕೂತಿತ್ತೋ ಅಷ್ಟೇ ಶಾಂತವಾಗಿ ಬಿಟ್ಟುಕೊಟ್ಟಿತು. ಬಾಗಿಲು ಬಟಾಬಯಲು. ನಾನು, ಮಣೆ, ಬೀಸಣಿಗೆ ಮೂವರೂ ಕೂಡಿ ಹಿಂದುಮುಂದಾಗಿ ಕೋಣೆಯೊಳಗೆ ಬಂದು ಬಿದ್ದೆವು. ಹೆಡ್‌ಫೋನಿನ ವಾಯರ್ ನನ್ನ ಕಾಲಿಗೆ ಸಿಕ್ಕು ಕಿತ್ತು ಬಂತು. ಲ್ಯಾಪ್‌ಟಾಪಿನಿಂದ ಅರವತ್ತು ಮಂದಿಯ ದನಿ ಒಮ್ಮೆಲೇ ಮನೆ ತುಂಬಿತು.

"ಹೂಂ! ಹೂಂ! ಹೂಂ ಮೇಡಂ!"

"ಮೇಡಂ, ಅವರೇ! ಅದೇ ದನಿ!" ಅದು ದೇವದುರ್ಗದ ಬೀರೇಶ. "ಹೂಂ ಅನ್ನೋ ಅಕ್ಕಾರು ಅವರೇ ನೋಡ್ರಿ!"

"ಅಕ್ಕಾ ಅಲ್ಲಲೇ, ಅಜ್ಜಿ!" ಅಂತ ಇನ್ನೊಂದು ದನಿ.

ಕಾವ್ಯಾ ನನ್ನನ್ನು ಎಬ್ಬಿಸಿ ಕೂರಿಸಿದಳು. ಮುಖ ಬಿಳಿಚಿಕೊಂಡಿತ್ತು. "ಅತ್ತಿ... ನೀವಾ?"

ಪರದೆಯ ಮೇಲೆ ಒಬ್ಬ ಹೆಣ್ಣುಮಗಳು, ತಲೆಯ ಮೇಲೆ ತಿಳಿ ಬಣ್ಣದ ದುಪಟ್ಟಾ, ನನ್ನನ್ನೇ ನೋಡುತ್ತಿದ್ದರು. ಹುಮೇರಾ ಮೇಡಂ. ಪಕ್ಕದ ಡಬ್ಬಿಯಲ್ಲಿ ದಪ್ಪ ಕನ್ನಡಕದ ಒಬ್ಬ ಸಾಹೇಬರು.

"ಕಾವ್ಯಾ ಅವರೇ," ಅಂದರು ಸಾಹೇಬರು, "ಮನಿ ಮಂದಿನ್ನ ಕುಂದರಿಸಿ ಹೂಂ ಅನಸೀರೇನು? ಇದನ್ನು ವಿದ್ಯಾರ್ಥಿ ಕಲಿಕಿ ಅಂತ ಬರದು ಕೊಟ್ರ ಹೆಂಗ?"

ಕಾವ್ಯಾಳ ಕಣ್ಣಿಂದ ಟಪ್ ಅಂತ ಒಂದು ಹನಿ ಬಿತ್ತು. ಅಷ್ಟೇ ಸಾಕಾಯಿತು ನನಗೆ.

"ಸಾಹೇಬರ, ಆಕಿಗೆ ಏನೂ ಗೊತ್ತಿಲ್ರಿ! ತಪ್ಪು ನಂದು. ಹೇಳೋರ ಮುಂದ ಸುಮ್ಮ ಕುಂದರಾಕ ನನಗ ಬರಂಗಿಲ್ರಿ. ನನಗ ಏನರ ಅನ್ರಿ, ಆಕಿ ಪಾಠ ಬಂದ್ ಮಾಡಬ್ಯಾಡ್ರಿ. ಸೇಬಿನ ಗಿಡ ನಮಗ ಬ್ಯಾಡ್ರಿ!"

ಹುಮೇರಾ ಮೇಡಂ ಸ್ವಲ್ಪ ಮುಂದೆ ಬಾಗಿದರು. "ಅಮ್ಮಾ, ಎಷ್ಟನೆತ್ತ ಕಲ್ತೀರಿ?"

"ಮೂರನೆತ್ತರಿ."

"ಹಂಗಾದ್ರ ನೀವೇ ಹೇಳ್ರಿ. ಆ ಹನಿನ್ನ ಮ್ಯಾಲ ಎಳಕೊಂಡೋರು ಯಾರು?"

ನಾನು ಸೆರಗು ಸರಿ ಮಾಡಿಕೊಂಡೆ. ತುಟಿಗೆ ಹತ್ತಿದ ಉಂಡಿ ಒರೆಸಿಕೊಂಡೆ.

"ಎಲಿರಿ. ಬೇರು ಕುಡಿತದ ಖರೇ, ಆದ್ರ ಮ್ಯಾಲ ತನಕ ದಬ್ಬೋ ತಾಕತ್ತು ಅದಕ್ಕಿಲ್ಲ. ಎಲಿಗೆ ಕಣ್ಣಿಗೆ ಕಾಣದಂಥಾ ಸಾವಿರ ಬಾಯಿ ಅದಾವ್ರಿ. ಆ ಬಾಯಿಂದ ನೀರು ಆವಿ ಆಗಿ ಹೊರಗ ಹೋಗ್ತದ. ಒಂದು ಹನಿ ಹೋತು ಅಂದ್ರ ಅದರ ಹಿಂದಿಂದು, ಅದರ ಹಿಂದಿಂದು, ಕೈ ಕೈ ಹಿಡಕೊಂಡು ಮ್ಯಾಲ ಬರ್ತಾವ. ಬಾವ್ಯಾಗ ಬಿಟ್ಟ ಹಗ್ಗ ಮ್ಯಾಲ ನಿಂತು ಎಳದಂಗರಿ. ಬಿಸಿಲು ಏರಿ ಬೇರಿಗೆ ನೀರು ಸಾಲವಲ್ದು ಅಂದ್ರ ಎಲಿ ಶ್ಯಾಣ್ಯಾಕಿ, ಬಾಯಿ ಮುಚ್ಚಿಬಿಡ್ತದ. ಇದ್ದ ನೀರು ಉಳಿಸಿಕೋತದ. ಸಣ್ಣಾಕಿದ್ದಾಗ ಹತ್ತಿ ಹೊಲದಾಗ ಮಧ್ಯಾಹ್ನ ಎಲಿ ಜೋತು ಬೀಳೋದು ದಿನಾ ನೋಡೀನ್ರಿ. ಯಾಕ ಅಂತ ಹೇಳೋರು ಇದ್ದಿಲ್ಲ. ನಮ್ಮ ಕಾವ್ಯಾ ಹೇಳಿದಳು."

ಆಮೇಲೆ ಮಲ್ಲೇಶ್ವರಿ ತಾನಾಗಿಯೇ ಮೈಕು ಚಾಲೂ ಮಾಡಿ, ಹನಿ ತುಂಬಿದ ಪ್ಲಾಸ್ಟಿಕ್ ಚೀಲ ಕ್ಯಾಮೆರಾದ ಮುಂದೆ ಹಿಡಿದಳು. "ಮೇಡಂ, ಬಾಯಿ ಅದಾವು ಅನ್ನಾಕ ಇದೇ ಸಾಕ್ಷಿರಿ." ಬೀರೇಶ ಹೊಲದಲ್ಲಿ ನಿಂತು ಜೋತುಬಿದ್ದ ಹತ್ತಿ ಎಲೆ ತೋರಿಸಿದ. ಒಬ್ಬರಾದ ಮೇಲೆ ಒಬ್ಬರು ಕೆಂಪು ನರದ ಬಿಳೀ ಹೂವು ಹಿಡಿದು ಮುಖ ತೋರಿಸಿದರು. ನಾಲ್ಕು ವಾರ ಕರೀ ಡಬ್ಬಿಯಾಗಿದ್ದ ಹುಡುಗರು! ಕನ್ನಡಕದ ಸಾಹೇಬರು ಎಣಿಸಿದರಂತೆ; ಬಂದ ಅರವತ್ತರಲ್ಲಿ ಐವತ್ತೆಂಟು ಮಂದಿ ಕಡೆತನಕ ಕೂತಿದ್ದರು. ಉಳಿದ ಇಬ್ಬರ ಫೋನು ಚಾರ್ಜ್ ಮುಗಿದಿತ್ತಂತೆ.

"ಕೋರ್ಸು ನಡೀಲಿ," ಅಂದರು ಹುಮೇರಾ ಮೇಡಂ. "ವರದಿ ಮಾತ್ರ ತಿದ್ದಿ ಕೊಡ್ರಿ ಕಾವ್ಯಾ. ವಿದ್ಯಾರ್ಥಿನಿ ಅಂತ ಬರೀಬ್ಯಾಡ್ರಿ, ಅತ್ತಿ ಅಂತ ಬರೀರಿ. ಮೂರನೆತ್ತ ಕಲ್ತೋರಿಗೆ ತಿಳಿಯೋ ಪಾಠ ಅಂದ್ರ ಅದಕ್ಕಿಂತ ದೊಡ್ಡ ಪರೀಕ್ಷಾ ಯಾವುದದ?"

ಕಾವ್ಯಾ ನನ್ನ ಕೊರಳಿಗೆ ಬಿದ್ದಳು. ನಾನು? ನಾನು ಮಣೆಯ ಮೇಲೆ ಅಲ್ಲ, ಸಿಂಹಾಸನದ ಮೇಲೆ ಕೂತಿದ್ದೆ! ಯೂನಿವರ್ಸಿಟಿಗೆ ಕಲಿಸಿಕೊಟ್ಟ ಬಸವಂತಮ್ಮ ಅಂತ ಕವಿತಾಳದಲ್ಲಿ ಯಾರ್ಯಾರಿಗೆ ಮೊದಲು ಹೇಳಬೇಕು ಅಂತ ಮನಸ್ಸಿನಲ್ಲೇ ಸಾಲು ಹಚ್ಚುತ್ತಿದ್ದೆ. ಆ ಉಬ್ಬಿನಲ್ಲೇ ಬಾಯಿ ಬಿಟ್ಟೆ ನೋಡ್ರಿ.

"ಮೇಡಂ, ಎಲ್ಲಾ ಛಲೋ ಆತು. ಆ ಟ್ರ್ಯಾಕ್ಟರ್‌ನವನ್ನ ಒಬ್ಬನ್ನ ಹಿಡಿರಿ. ನಾಲ್ಕು ವಾರ ಪಾಠ ಕೆಡಿಸ್ಯಾನ!"

ಹುಮೇರಾ ಮೇಡಂ ತುಟಿ ಬಿಗಿಹಿಡಿದರು. "ಹ್ಞಾಂ, ನಾನೂ ಎಲ್ಲಾ ರೆಕಾರ್ಡಿಂಗ್ ಕೇಳೀನಿ. ಯಾರ್ರಿ ಅದು ಟ್ರ್ಯಾಕ್ಟರ್?"

ಬೀರೇಶ ಗಂಟಲು ಸರಿ ಮಾಡಿಕೊಂಡ.

"ಮೇಡಂ, ಅದು ಟ್ರ್ಯಾಕ್ಟರ್ ಅಲ್ರಿ. ಗೊರಕಿರಿ. ನಮ್ಮಜ್ಜಿನೂ ಮಧ್ಯಾಹ್ನ ಉಂಡು ಹಂಗ ಹೊಡಿತಾಳ್ರಿ. ನಮಗೆಲ್ಲಾ ಮೊದಲನೇ ವಾರದಾಗ ಗೊತ್ತಾಗಿತ್ತು. ಗೊರಕಿ ಬಂದ ಪಾಠ ಮುಂದಿನ ವಾರ ಬದಲಾಗೇ ಆಗ್ತದ, ಅದಕ್ಕ ನಾವು ಆ ಭಾಗ ಬರಕೊಳ್ಳೋದೇ ಬಿಟ್ಟಿದ್ವಿರಿ!"

ಐವತ್ತೆಂಟು ಮಂದಿ ನಕ್ಕರು. ಕನ್ನಡಕದ ಸಾಹೇಬರು ಕನ್ನಡಕ ತೆಗೆದು ನಕ್ಕರು. ಗೋಡೆಯ ಆಚೆ ವಾಹಿದಾ ನಕ್ಕದ್ದೂ ಕೇಳಿತು. ಕಾವ್ಯಾ ನೋಟ್‌ಬುಕ್ ತೆರೆದು ನೋಡುತ್ತಾಳೆ: ಹೂಂ ಒಂದು ಸಾಲು, ಟ್ರ್ಯಾಕ್ಟರ್ ಒಂದು ಸಾಲು. ಎರಡೂ ಒಂದೇ ಗಂಟಲಿನದು!

ಅಷ್ಟೊತ್ತಿಗೆ ಬಾಗಿಲಲ್ಲಿ ನಮ್ಮ ಮನೆಯವರು ಪ್ರತ್ಯಕ್ಷರಾದರು. ವಿಭೂತಿಯ ಮೇಲೆ ಬೆವರು ಹರಿದ ಮುಖ, ಗೆದ್ದು ಬಂದ ಪೈಲವಾನನ ನಡಿಗೆ. ನನ್ನನ್ನು ದಾಟಿ ನೇರ ಕ್ಯಾಮೆರಾದ ಮುಂದೆ ಹೋಗಿ ಕೈ ಮುಗಿದರು.

"ನಮಸ್ಕಾರ್ರೀ ಮೇಡಂ. ಆ ರೆಕಾರ್ಡಿಂಗ್ ನನಗೊಂದು ಕಾಪಿ ಸಿಗ್ತದೇನ್ರಿ? ನಲವತ್ತೆಂಟು ವರ್ಷದಿಂದ ಸಾಕ್ಷಿ ಹುಡುಕಾಕತ್ತೀನ್ರಿ!"

"ನಿಮಗ ಗೊತ್ತಿತ್ತಾ?" ಅಂದೆ ನಾನು. "ಗೊತ್ತಿದ್ದೂ ನಾಲ್ಕು ವಾರ ಸುಮ್ಮ ಕುಂತಿದ್ರ್ಯಾ?"

"ನನಗ ಮಾತಾಡಾಕ ಅಪ್ಪಣಿ ಎಲ್ಲಿತ್ತು? ಸೀನಾಕ ಅಪ್ಪಣಿ ಇದ್ದಿಲ್ಲ!"

ಕೋರ್ಸು ಈಗ ಎರಡನೇ ಸಲ ನಡೆದಿದೆ. ಬೆಳಿಗ್ಗೆ ಇಡಬಾರದೇ ಅಂತ ಯಾರೋ ಕೇಳಿದರಂತೆ. ಕಾವ್ಯಾ ಬಿಲ್ಕುಲ್ ಒಪ್ಪಲಿಲ್ಲ. "ಮಧ್ಯಾಹ್ನ ಉಂಡ ಮ್ಯಾಲ ನಮ್ಮ ಅತ್ತಿನ್ನ ಎಚ್ಚರ ಇಡೋ ಪಾಠ ಯಾರನ್ನರ ಎಚ್ಚರ ಇಡ್ತದ," ಅಂದಳು. ಈಗ ನನಗೆ ಹೊರಗೆ ಕೂಡುವ ಕೆಲಸ ಇಲ್ಲ. ಕೋಣೆಯೊಳಗೇ ನನಗೊಂದು ಕುರ್ಚಿ ಇದೆ. ಕೂಲರ್ ಚಾಲೂ ಇದೆ. ಕುಕ್ಕರಿಗೆ ಸೀಟಿ ವಾಪಸ್ ಬಂದಿದೆ, ಸ್ವಲ್ಪ ಉಪ್ಪಾಗಿದೆ ಅಷ್ಟೇ. ಚೆನ್ನಾಗಿದ್ದರೆ ಹೂಂ ಅನ್ರಿ, ಸಪ್ಪಗಿದ್ದರೆ ಆರಾಮ ಮಲಗ್ರಿ ಅಂತ ನನ್ನ ಸೊಸೆಯ ಅಪ್ಪಣೆ. ಯೂನಿವರ್ಸಿಟಿಯಲ್ಲಿ ಮಲಗುವ ನೌಕರಿ ಮಾಡುವವಳು ರಾಯಚೂರಿನಲ್ಲಿ ನಾನೊಬ್ಬಳೇ ಇರಬೇಕು!

ಮೊನ್ನೆ ಅಂಗಳದಲ್ಲಿ ನಿಂತು ಇದನ್ನೇ ವಾಹಿದಾಗೆ ಎದೆ ಉಬ್ಬಿಸಿ ಹೇಳುತ್ತಿದ್ದೆ. ನಮ್ಮ ಮನೆಯವರು ನುಗ್ಗೆ ಗಿಡದ ಕೆಳಗೆ ಕೂತು, ಜೋತುಬಿದ್ದ ಎಲೆಗಳ ಕಡೆ ಬೆರಳು ಮಾಡಿದರು.

"ಆ ಗಿಡ ನೋಡಿ ಕಲಿ ಬೇ. ಬಿಸಿಲು ಏರಿತು ಅಂದ್ರ ಅದು ಸಾವಿರ ಬಾಯಿ ಮುಚ್ಚತದ. ನಿನಗಿರೋದು ಒಂದು. ಅದನ್ನರ ಮುಚ್ಚಬಾರದಾ?"

ತಿರುಗಿ ಒಂದು ಬಿಸಿಬಿಸಿ ಉತ್ತರ ಕೊಡಬೇಕು ಅಂತ ಬಾಯಿ ತೆರೆದೆ. ಅವರು ಮೆಲ್ಲಗೆ ಜೇಬಿನಿಂದ ಫೋನು ತೆಗೆದು, ಪ್ಲೇ ಗುಂಡಿಯ ಮೇಲೆ ಬೆರಳು ಇಟ್ಟುಕೊಂಡು ಕೂತರು.

ನಲವತ್ತೆಂಟು ವರ್ಷದಲ್ಲಿ ಮೊದಲ ಸಲ, ನಮ್ಮ ಮನೆಯವರ ಮಾತಿಗೆ, ನಾನು "ಹೂಂ" ಅಂದೆ.